ಬುತ್ತಿಯ ತಳದ ಕಾಗದ

ಸುರಪುರ
೮ ಏಪ್ರಿಲ್ ೨೦೨೫, ಮಂಗಳವಾರ

ತಂಗಿ ಭಾಗ್ಯಳಿಗೆ,

ಡಬ್ಬಿ ತೆಗೆದ ಕೂಡಲೇ ಮೊದಲು ರೊಟ್ಟಿ ಎಣಿಸು, ಆಮೇಲೆ ಪತ್ರ ಓದು. ಹತ್ತು ಇರಬೇಕು. ಒಂಬತ್ತಿದ್ದರೆ ಕಂಡಕ್ಟರ್ ಬೀರಣ್ಣನ ಮೇಲೆ ಸಂಶಯ ಬೇಡ. ಸುರಪುರದ ಅರ್ಧ ಓಣಿಯ ಬುತ್ತಿಯನ್ನು ಯಾದಗಿರಿಯ ಹಾಸ್ಟೆಲುಗಳಿಗೆ ಮುಟ್ಟಿಸುವ ಆ ಪುಣ್ಯಾತ್ಮ ಇವತ್ತಿನವರೆಗೆ ಒಂದು ಮುಚ್ಚಳವನ್ನೂ ಸಡಿಲಿಸಿದವನಲ್ಲ. ಆದರೆ ಅದೇ ಬಸ್ಸಿನಲ್ಲಿ ಶಹಾಪುರದವರೆಗೆ ನಿನ್ನ ಅಣ್ಣನೂ ಪ್ರಯಾಣ ಮಾಡುತ್ತಾನೆ. ಅಲ್ಲಿಯ ಕಾಲೇಜೊಂದರಲ್ಲಿ ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕನಾಗಿರುವ ನನಗೆ, ಅತಿಥಿಗೆ ಸಲ್ಲಬೇಕಾದ ಊಟವನ್ನು ಇನ್ನೂ ಯಾರೂ ಬಡಿಸಿಲ್ಲ.

ನಿಮ್ಮ ವಾರ್ಡನ್ ಗೌಹರಬೇಗಂ ಅವರು ಕೋಚಿಂಗ್ ಹಾಸ್ಟೆಲಿನ ಅಷ್ಟೂ ಫೋನುಗಳನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಾಗಿನಿಂದ, ಭಾನುವಾರದ ಹತ್ತು ನಿಮಿಷ ಬಿಟ್ಟರೆ, ಈ ಮನೆಯ ಇಬ್ಬರು ವಿದ್ಯುತ್ ಎಂಜಿನಿಯರುಗಳ ನಡುವಿನ ಸಂಪರ್ಕಜಾಲ ಈ ಬುತ್ತಿ ಡಬ್ಬಿಯೇ. ಮಂಗಳವಾರ, ಶುಕ್ರವಾರ ತುಂಬಿ ಹೋಗುತ್ತದೆ, ಮರುದಿನ ಖಾಲಿಯಾಗಿ ಬರುತ್ತದೆ. ಸಿಗ್ನಲ್ಲಿಗೆ ಸ್ವಲ್ಪ ಶೇಂಗಾ ಹಿಂಡಿ ಹತ್ತಿರುತ್ತದೆ, ಅಷ್ಟೇ.

ಗೇಟ್ ಪರೀಕ್ಷೆಯಲ್ಲಿ ಅಷ್ಟು ಅಂಕ ತೆಗೆದ ಮೇಲೆ ಮುಂದೇನು ಓದಲಿ ಎಂದು ಕೇಳಿದ್ದೀಯ. ಈ ವಿಷಯದಲ್ಲಿ ಸರ್ವನಾಶ ಹೊಂದಿದ ಅನುಭವಿ ನಾನು, ಸಾವಧಾನದಿಂದ ಕೇಳು.

ಎಂ.ಟೆಕ್. ಎರಡು ವರ್ಷದ್ದು. ಮೊದಲ ವರ್ಷ, ಬಿ.ಇ.ಯಲ್ಲಿ ಅರ್ಥವಾಗದ್ದನ್ನು ಇನ್ನೂ ದಪ್ಪ ಪುಸ್ತಕ ಇಟ್ಟುಕೊಂಡು ಅರ್ಥ ಮಾಡಿಕೊಳ್ಳದೆ ಇರುವುದು. ಎರಡನೆಯ ವರ್ಷ ಪ್ರಾಜೆಕ್ಟ್. ಪವರ್ ಸಿಸ್ಟಮ್ಸ್, ಪವರ್ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಎಂದು ಕವಲುಗಳಿವೆ. ಎಲ್ಲ ಕವಲುಗಳೂ ಕೊನೆಗೆ ಶಹಾಪುರದ ಬಸ್ ನಿಲ್ದಾಣದಲ್ಲಿ ಬಂದು ಕೂಡುತ್ತವೆ. ನಾನು ಅಲ್ಲೇ ನಿಂತಿರುತ್ತೇನೆ, ಗುರುತು ಹಿಡಿಯಬಹುದು. ನೇರ ಪಿಎಚ್.ಡಿ.ಯೂ ಇದೆ. ಐದು ವರ್ಷ ಎನ್ನುತ್ತಾರೆ. ಬಸ್ಸು ಐದು ನಿಮಿಷದಲ್ಲಿ ಬಿಡುತ್ತದೆ ಎಂದು ಬೀರಣ್ಣನೂ ಅನ್ನುತ್ತಾನೆ. ಇನ್ನು ಸಂಶೋಧನೆಯ ಎಂ.ಎಸ್. ಇದರಲ್ಲಿ ಪಾಠ ಕಡಿಮೆ, ಒಬ್ಬರೇ ಮಾರ್ಗದರ್ಶಕರು, ಮೂರು ವರ್ಷಕ್ಕೆ ಒಂದೇ ಪ್ರಶ್ನೆ. ಆ ಪ್ರಶ್ನೆ ನಿನ್ನ ಹತ್ತಿರ ಮೊದಲೇ ಇದ್ದರೆ ಮಾತ್ರ ಇದಕ್ಕೆ ಕೈ ಹಾಕು.

ಇವು ಯಾವುವೂ ಬೇಡವಾದರೆ, ನೀನೀಗ ತಯಾರಿ ನಡೆಸಿರುವ ವಿದ್ಯುತ್ ಕಂಪನಿಯ ಜೂನಿಯರ್ ಎಂಜಿನಿಯರ್ ಪರೀಕ್ಷೆ ಇದ್ದೇ ಇದೆ. ಪಾಸಾದರೆ ಸುರಪುರದಲ್ಲೇ ಕುರ್ಚಿ, ಮನೆಯಲ್ಲೇ ಬಿಸಿ ರೊಟ್ಟಿ. ನೆಂಟರು ಡಿಗ್ರಿ ಅಂದರೆ ಇದನ್ನೇ ಅಂದುಕೊಂಡಿದ್ದಾರೆ.

ಅವ್ವನ ಅಭಿಪ್ರಾಯವನ್ನೂ ದಾಖಲಿಸುತ್ತೇನೆ. ರೊಟ್ಟಿ ಬಡಿಯುತ್ತ ಅಂದಳು: “ಇನ್ನಾ ಕರೆಂಟ್ ಕಲ್ಯಾದು ಮುಗದಿಲ್ಲೇನು? ನಿಮ್ಮಪ್ಪ ಒಂದ ದಿನದಾಗ ಕಲ್ತು ಕಂಬ ಹತ್ತಿದ್ದ.”

ಹೋದ ವಾರ, ಭಾಗ್ಯಾನ ಕಾಗದ ಬಂದೈತಿ ಎಂದು ಗೋಡೆಯ ಗೂಡಿನಿಂದ ಬಹಳ ಜೋಪಾನವಾಗಿ ಒಂದನ್ನು ತೆಗೆದುಕೊಟ್ಟಳು. ನೀನು ಡಬ್ಬಿ ಒರೆಸಲು ಹಾಕಿದ್ದಿರಬೇಕು, ಅದು ಮೂಲವ್ಯಾಧಿ ದವಾಖಾನೆಯ ಜಾಹೀರಾತು. ಅಕ್ಷರ ಬಾರದ ಅವ್ವನಿಗೆ ನಾನು ಆಗಲೇ ಮುಂದೆ ಕೂರಿಸಿಕೊಂಡು ಒಂದೇ ಪಾಠದಲ್ಲಿ ಸಾಕ್ಷರತೆ ಬೋಧಿಸಿದೆ. ಕೈಯಿಂದ ಬರೆದದ್ದು ಪತ್ರ, ಗೂಡಿನಲ್ಲಿಡು. ಛಾಪಿಸಿದ್ದು ರದ್ದಿ, ಡಬ್ಬಿಯ ತಳಕ್ಕೆ ಹಾಸು. ಒಂಬತ್ತು ವರ್ಷದಲ್ಲಿ ನನ್ನ ಪಾಠ ಒಂದೇ ಸಲಕ್ಕೆ ತಿಳಿದುಕೊಂಡ ಮೊದಲ ವಿದ್ಯಾರ್ಥಿ ಅವಳು.

ನಿನ್ನ ಅಣ್ಣ,
ಕಾಂತೇಶ


ಯಾದಗಿರಿ
೯ ಏಪ್ರಿಲ್ ೨೦೨೫, ಬುಧವಾರ

ಅಣ್ಣಾ,

ಒಂಬತ್ತಿದ್ದವು.

ಪ್ರಶ್ನೆ ಇದ್ದರೆ ಮಾತ್ರ ಎಂದೆಯಲ್ಲ, ಇದೆ. ನಿನಗೂ ಗೊತ್ತಿರುವ ಪ್ರಶ್ನೆ.

ಅಪ್ಪ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿನ ಪುಸ್ತಕದಲ್ಲಿ ತನ್ನ ಹೆಸರು ಬರೆದು ಲೈನ್ ಕ್ಲಿಯರ್ ತೆಗೆದುಕೊಳ್ಳುತ್ತಿದ್ದ. ಆಮೇಲೆ ಆ ಲೈನಿಗೆ ಯಾರೂ ಕರೆಂಟ್ ಬಿಡುವಂತಿಲ್ಲ. ಬರೆದವನೇ ಇಳಿದು ಬಂದು, ತನ್ನ ಕೈಯಿಂದಲೇ ಸಹಿ ಹಾಕಿ ಹಿಂದಿರುಗಿಸಬೇಕು. ನಮಗೆ ಹೋಂವರ್ಕ್ ಮಾಡಿಸುವಾಗಲೂ ಅದನ್ನೇ ಹೇಳುತ್ತಿದ್ದ: “ಬಾಯಿ ಮಾತಿಗಿ ಲೈನ್ ಚಾರ್ಜ್ ಮಾಡಬಾರದು. ಯಾರು ತಗೊಂಡಾರೋ ಅವರ ಕೈ ಬರಹ ನೋಡಬೇಕು.” ದೇವಾಪುರದ ಹತ್ತಿರ ಆ ದಿನ ಯಾರೋ ಫೋನಿನಲ್ಲಿ, ಎಲ್ಲಾರೂ ಇಳದಾರ, ಬಿಡ್ರಿ ಅಂದರು. ಬಿಟ್ಟರು. ಅಪ್ಪ ಇಳಿದಿರಲಿಲ್ಲ.

ಪುಸ್ತಕ, ಫೋನು, ಸಹಿ ಯಾವುದೂ ಇಲ್ಲದೆ, ತನ್ನ ಮೇಲೆ ಒಬ್ಬ ಮನುಷ್ಯ ಇದ್ದಾನೆ ಎಂಬುದು ಲೈನಿಗೇ ತಿಳಿಯುವಂತೆ ಮಾಡಬಹುದೇ? ಇದೇ ನನ್ನ ಪ್ರಶ್ನೆ. ಅರ್ಧ ವಿದ್ಯುತ್ತಿನದು, ಅರ್ಧ ಕಂಪ್ಯೂಟರಿನದು. ಎರಡನ್ನೂ ಕೂಡಿಸಿ ಕಲಿಸುವ ಎಂ.ಎಸ್. ಚೆನ್ನೈನ ಒಂದು ಸಂಸ್ಥೆಯಲ್ಲಿದೆ. ಅರ್ಜಿ ಹಾಕು. ಫೋನ್ ನಂಬರ್ ನಿನ್ನದೇ ಕೊಡು, ನನ್ನದು ಕಪಾಟಿನಲ್ಲಿ ಜೈಲಿನಲ್ಲಿದೆ.

ಭಾಗ್ಯ


ಸುರಪುರ
೧೫ ಏಪ್ರಿಲ್ ೨೦೨೫, ಮಂಗಳವಾರ

ಭಾಗ್ಯಾ,

ಅರ್ಜಿ ಹಾಕಿದೆ. ಇವತ್ತು ತಮಾಷೆ ಇಲ್ಲ, ರೊಟ್ಟಿ ಹತ್ತೂ ಇವೆ.

ಕಾಂತೇಶ


ಯಾದಗಿರಿ
೭ ಮೇ ೨೦೨೫, ಬುಧವಾರ

ಅಣ್ಣಾ,

ಸಂದರ್ಶನ ಸೋಮವಾರ ಮುಗಿಯಿತು. ಗೌಹರಬೇಗಂ ಅವರು ತಮ್ಮ ಆಫೀಸ್ ಕೋಣೆಯನ್ನೂ ಲ್ಯಾಪ್‌ಟಾಪನ್ನೂ ಬಿಟ್ಟುಕೊಟ್ಟು, ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕಾವಲು ಕೂತರು. ಒಳಗೆ ಬರಲು ನೋಡಿದ ಅಡುಗೆಯ ಮಸರತಳಿಗೆ, “ಚುಪ್, ಹುಡುಗಿ ಚೆನ್ನೈಗೆ ಮಾತಾಡಾಕತ್ತಾಳ” ಎಂದದ್ದು ಚೆನ್ನೈಗೆ ನೇರವಾಗಿಯೇ ಕೇಳಿಸಿರಬೇಕು.

ಮೂವರಿದ್ದರು. ಗಣಿತ ಕೇಳಿದರು, ಎರಡು ತಪ್ಪಿದೆ. ಕೊನೆಗೆ ಒಬ್ಬ ಹಿರಿಯರು, ಈ ಪ್ರಶ್ನೆ ನಿನಗೆ ಎಲ್ಲಿ ಸಿಕ್ಕಿತು ಎಂದರು. ಹೇಳಿದೆ. ಅವರು ಅದನ್ನು ಬರೆದುಕೊಂಡರು. ಆಮೇಲೆ, ತಮಗೆ ಇನ್ನು ಮೂರೇ ವರ್ಷ ಸರ್ವೀಸ್ ಉಳಿದಿದೆ, ಒಬ್ಬರನ್ನು ಮಾತ್ರ ತೆಗೆದುಕೊಳ್ಳುತ್ತೇನೆ, ಅದೇ ಕೊನೆ ಎಂದರು. ಈ ವಿಷಯದಲ್ಲಿ ಕೆಲಸ ಮಾಡುವವರು ಅಲ್ಲಿ ಅವರೊಬ್ಬರೇ.

ನನಗೆ ಬರುತ್ತದೆ ಎಂದು ಅನಿಸುವುದಿಲ್ಲ. ಅನಿಸುವುದಿಲ್ಲ ಎಂದು ಮೂರು ದಿನದಿಂದ ಹೇಳಿಕೊಳ್ಳುತ್ತಿದ್ದೇನೆ.

ಭಾಗ್ಯ


ಸುರಪುರ
೨೩ ಮೇ ೨೦೨೫, ಶುಕ್ರವಾರ

ಮಹಾಸಂಶೋಧಕಿ ಭಾಗ್ಯ ಅಂಬ್ರಪ್ಪ ಅವರ ಸನ್ನಿಧಾನಕ್ಕೆ,

ನಿನ್ನೆ ಸಂಜೆ ನನ್ನ ಫೋನಿಗೆ ಸಂದೇಶ ಬಂತು. ಸೀಟು ನಿನ್ನದು. ಅದೇ ಹಿರಿಯರ ಕೈಕೆಳಗೆ, ಆ ಒಂದೇ ಸೀಟು.

ಒಪ್ಪಿಗೆ ಕೊಡಲು ಇದೇ ೨೯ರ ಗುರುವಾರ ಸಂಜೆ ಐದರವರೆಗೆ ಅವಕಾಶ. ಪೋರ್ಟಲಿನಲ್ಲಿ ‘ಒಪ್ಪಿದ್ದೇನೆ’ ಎಂಬ ಹಸಿರು ಗುಂಡಿ ಇದೆ. ಒತ್ತಿದರೆ ನನ್ನ ಫೋನಿಗೆ ಒಟಿಪಿ ಬರುತ್ತದೆ. ಒತ್ತದಿದ್ದರೆ ಸೀಟು ಮುಂದಿನವರಿಗೆ. ಒಮ್ಮೆ ಒಪ್ಪಿದರೆ ಜುಲೈಯಲ್ಲಿ ಅಲ್ಲಿರಬೇಕು, ಜೂನಿಯರ್ ಎಂಜಿನಿಯರ್ ಕುರ್ಚಿಯನ್ನು ಮರೆಯಬೇಕು.

ಹಿರಿಯಣ್ಣನಾಗಿ ಎರಡೂ ಕಡೆ ತೂಗಿ ಹೇಳಬೇಕಾದ್ದು ನನ್ನ ಕರ್ತವ್ಯ. ಚೆನ್ನೈಯಲ್ಲಿ ಜೋಳದ ರೊಟ್ಟಿ ಇಲ್ಲ. ಬೀರಣ್ಣನ ಬಸ್ಸು ಅಲ್ಲಿಗೆ ಹೋಗುವುದಿಲ್ಲ. ಡಿಗ್ರಿಯ ಮೇಲೆ ಡಿಗ್ರಿ ಹಾಕಿಕೊಂಡವರು ಏನಾಗುತ್ತಾರೆ ಎಂಬುದಕ್ಕೆ ಮಾದರಿ ಮನೆಯಲ್ಲೇ ಇದೆ. ಇಷ್ಟು ತೂಗಿದೆ. ಇನ್ನೊಂದು ಕಡೆ ತೂಗುವುದನ್ನು ನಿನಗೆ ಬಿಟ್ಟಿದ್ದೇನೆ.

ಕಾಂತೇಶ


ಯಾದಗಿರಿ
೨೪ ಮೇ ೨೦೨೫, ಶನಿವಾರ

ಅಣ್ಣಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ಜೂನ್ ೧೫ಕ್ಕೆ ಪರೀಕ್ಷೆ ಇರುವುದರಿಂದ ಭಾನುವಾರದ ಫೋನೂ ಬಂದ್. ಅವ್ವನ ಮೊಣಕಾಲು, ನಿನ್ನ ಕೆಲಸ, ಎಲ್ಲಾ ತಲೆಯಲ್ಲಿ ತಿರುಗುತ್ತಿದೆ. ಕೋಚಿಂಗಿನ ಎಲ್ಲರೂ ಕುರ್ಚಿಯನ್ನೇ ಹಿಡಿ ಅನ್ನುತ್ತಾರೆ. ನನಗೆ ಮಂಗಳವಾರದವರೆಗೆ ಸಮಯ ಕೊಡು.

ಹೀಗೆ ಮಾಡೋಣ. ಹೋಗುವುದಾದರೆ ಬುಧವಾರದ ಖಾಲಿ ಡಬ್ಬಿಯಲ್ಲಿ ನನ್ನ ಕೈಬರಹದ ಪತ್ರ ಬರುತ್ತದೆ. ಬರದಿದ್ದರೆ ಇಲ್ಲ ಎಂದೇ ಅರ್ಥ, ಬಿಟ್ಟುಬಿಡು. ಯಾರ ಬಾಯಿಂದ ಏನೇ ಕೇಳಿದರೂ ನನ್ನ ಬರಹ ನೋಡದೆ ಗುಂಡಿ ಒತ್ತಬೇಡ. ನಾವು ಯಾರ ಮಕ್ಕಳು ಎಂದು ನಿನಗೆ ಗೊತ್ತಿದೆ.

ಭಾಗ್ಯ


ಯಾದಗಿರಿ
೨೮ ಮೇ ೨೦೨೫, ಬುಧವಾರ ಬೆಳಿಗ್ಗೆ

ಅಣ್ಣಾ,

ನೋಟ್‌ಬುಕ್ಕಿನ ಹಾಳೆ ಮುಗಿದಿವೆ. ನಿನ್ನೆಯ ಅಣಕು ಪರೀಕ್ಷೆಯ ಪ್ರಶ್ನೆಪತ್ರಿಕೆಯ ಬೆನ್ನಿಗೆ ಬರೆಯುತ್ತಿದ್ದೇನೆ. ಬೀರಣ್ಣ ಹಾರ್ನ್ ಹೊಡೆಯುತ್ತಿದ್ದಾನೆ.

ಒತ್ತು. ನಾನು ಹೋಗುತ್ತೇನೆ.

ಅವ್ವನನ್ನು ನೀನು ನೋಡಿಕೊಳ್ಳುತ್ತೀ ಎಂಬ ಧೈರ್ಯದಿಂದಲೇ ಹೋಗುತ್ತೇನೆ, ಅದಕ್ಕೆ ಬೈಯಬೇಡ. ಇದು ನನ್ನ ಕೈಬರಹ, ಇದು ನನ್ನ ಸಹಿ. ಲೈನ್ ಹಿಂದಿರುಗಿಸಿದ್ದೇನೆ. ಚಾರ್ಜ್ ಮಾಡು.

ಅಂಬ್ರಪ್ಪನ ಮಗಳು,
ಭಾಗ್ಯ


ಸುರಪುರ
೩೦ ಮೇ ೨೦೨೫, ಶುಕ್ರವಾರ

ಪ್ರೀತಿಯ ಭಾಗ್ಯಳಿಗೆ,

ನಿನ್ನ ಮೌನ ಬುಧವಾರ ಮಧ್ಯಾಹ್ನದ ಬಸ್ಸಿಗೆ ಸುರಕ್ಷಿತವಾಗಿ ತಲುಪಿತು.

ನಾನು ಶಹಾಪುರದಲ್ಲಿ ಪರೀಕ್ಷಾ ಡ್ಯೂಟಿಯಲ್ಲಿದ್ದೆ, ಡಬ್ಬಿ ಇಳಿಸಿಕೊಂಡವಳು ಅವ್ವ. ಸಂಜೆ ಬಂದವನೇ ಚಪ್ಪಲಿ ಕಳೆಯದೆ ಗೂಡು ನೋಡಿದೆ. “ಏನೂ ಬಂದಿಲ್ಲಪ, ಡಬ್ಬಿ ಅಷ್ಟ ಬಂದೈತಿ” ಅಂದಳು. ಆಮೇಲೆ ಇನ್ನೆರಡು ಸಲ ನೋಡಿದೆ. ಗೂಡು ಮನಸ್ಸು ಬದಲಿಸಲಿಲ್ಲ.

ಗುರುವಾರ ನಾಲ್ಕೂವರೆಗೆ ಕಾಲೇಜಿನ ಬೇವಿನ ಗಿಡದ ಕೆಳಗೆ ಫೋನ್ ಹಿಡಿದು ಕೂತೆ. ಹಸಿರು ಗುಂಡಿ ನನ್ನನ್ನೂ ನಾನು ಅದನ್ನೂ ನೋಡುತ್ತಿದ್ದೆವು. ಹಾಸ್ಟೆಲಿಗೆ ಫೋನ್ ಮಾಡಿ ಗೌಹರಬೇಗಂ ಅವರನ್ನು ಕೇಳಲೇ ಎಂದು ಒಮ್ಮೆ ಅನಿಸಿತು. ಬಾಯಿ ಮಾತು ಬೇಡ ಎಂದಿದ್ದೀಯಲ್ಲ, ಕೈ ಹಿಂದಕ್ಕೆ ತೆಗೆದೆ. ಐದಕ್ಕೆ ಸರಿಯಾಗಿ ಗುಂಡಿ ತಾನೇ ಬೂದು ಬಣ್ಣಕ್ಕೆ ತಿರುಗಿತು.

ಬೇಸರ ಮಾಡಿಕೊಳ್ಳಬೇಡ. ಧೈರ್ಯದ ನಿರ್ಧಾರ. ಇನ್ನು ಕುರ್ಚಿಯತ್ತ ಮುಖ ಮಾಡು. ಅಪ್ಪ ಹೊರಗೆ ನಿಂತು ಸಹಿ ಹಾಕುತ್ತಿದ್ದ ಆಫೀಸಿನಲ್ಲಿ ನೀನು ಒಳಗೆ ಕೂತು ಸಹಿ ಮಾಡುವುದೂ ಒಂದು ಡಿಗ್ರಿಯೇ. ಘಟಿಕೋತ್ಸವಕ್ಕೆ ನಾನೊಬ್ಬನೇ ಬಂದು ಚಪ್ಪಾಳೆ ತಟ್ಟುತ್ತೇನೆ.

ಇವತ್ತು ರೊಟ್ಟಿ ಹತ್ತೂ ಇವೆ. ಮುಟ್ಟಲು ಮನಸ್ಸಾಗಲಿಲ್ಲ.

ನಿನ್ನ ಅಣ್ಣ,
ಕಾಂತೇಶ


ಯಾದಗಿರಿ
೩೧ ಮೇ ೨೦೨೫, ಶನಿವಾರ

ಅಣ್ಣಾ,

ನಿನ್ನ ಪತ್ರ ಮೇಲಿತ್ತು. ನನ್ನದು ತಳದಲ್ಲಿತ್ತು. ನಡುವೆ ಹತ್ತು ರೊಟ್ಟಿ.

ಛಾಪಿಸಿದ ಬದಿ ಮೇಲಾಗಿತ್ತು, ನಲವತ್ತೊಂದನೆಯ ಪ್ರಶ್ನೆಯ ಮೇಲೆ ಎಣ್ಣೆಯ ಉಂಗುರ. ಗುರುತು ಹಿಡಿದು ತಿರುವಿದೆ. ಅದನ್ನೇ ಇದರ ಜೊತೆ ಕಳಿಸುತ್ತಿದ್ದೇನೆ. ತಿರುವಿ ಓದು.

ಭಾಗ್ಯ


ಸುರಪುರ
೩ ಜೂನ್ ೨೦೨೫, ಮಂಗಳವಾರ

ಭಾಗ್ಯಾ,

ಓದಿದೆ. ಒಲೆಯ ಮುಂದೆ ನಿಂತೇ ಓದಿದೆ. ಅವ್ವ, “ಏನಂತ?” ಅಂದಳು. ಆರಾಮ ಅದಾಳಂತ ಅಂದೆ.

ಅವಳ ತಪ್ಪಲ್ಲ. ಛಾಪಿಸಿದ್ದು ರದ್ದಿ ಎಂದು ಕಲಿಸಿದವನು ನಾನು. ಒಂದು ಹಾಳೆಗೆ ಎರಡು ಬದಿ ಇರುತ್ತವೆ ಎಂಬುದನ್ನು, ಈ ಎಂ.ಟೆಕ್. ಪದವೀಧರ ಹೇಳಿಕೊಡಲಿಲ್ಲ.

ಶನಿವಾರವೇ ಸಂಸ್ಥೆಗೆ ಬರೆದೆ, ಆ ಹಿರಿಯರಿಗೂ ಬೇರೆ ಬರೆದೆ. ಬುತ್ತಿ, ಬಸ್ಸು, ರೊಟ್ಟಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿದೆ. ಬರೆದ ಮೇಲೆ ಅದು ನನಗೇ ಸುಳ್ಳಿನಂತೆ ಕಂಡಿತು. ಸಂಸ್ಥೆಯವರು ನಿಯಮದ ಸಂಖ್ಯೆಯನ್ನು ಕಳಿಸಿದ್ದಾರೆ. ಹಿರಿಯರು ತಾವೇ ಉತ್ತರಿಸಿದ್ದಾರೆ, ಮೂರು ಸಾಲು. ಸೀಟು ಮುಂದಿನ ಅಭ್ಯರ್ಥಿಗೆ ಹೋಗಿದೆ, ಅವರು ಒಪ್ಪಿಯೂ ಆಗಿದೆ. ನಿನ್ನ ಪ್ರಶ್ನೆಯನ್ನು ಕೈಬಿಡಬೇಡ ಎಂದಿದ್ದಾರೆ. ಎಲ್ಲಿ ಹಿಡಿದುಕೊಂಡು ಕೂರಬೇಕು ಎಂದು ಹೇಳಿಲ್ಲ.

ಇನ್ನೊಂದು ವಿಷಯ ಬರೆಯದಿದ್ದರೆ ಈ ಪತ್ರ ಅಪ್ಪನಿಗೆ ಮಾಡಿದ ಮೋಸವಾಗುತ್ತದೆ. ಗುರುವಾರ ಐದು ಹೊಡೆದಾಗ ನನಗೆ ಹಗುರವಾಯಿತು. ನೀನು ಇಲ್ಲೇ ಇರುತ್ತೀ ಎಂದು. ನಾನೊಬ್ಬನೇ ಅಲ್ಲ, ಈ ಮನೆಯ ಇನ್ನೊಂದು ಡಿಗ್ರಿಯೂ ಸುರಪುರದಲ್ಲೇ ಉಳಿಯಿತು ಎಂದು. ಬೇವಿನ ಗಿಡದ ಕೆಳಗಿಂದ ಎದ್ದು ಚಹಾ ಕುಡಿಯಲು ಹೋದೆ. ಚಹಾ ರುಚಿಯಾಗಿತ್ತು.

ಕಾಂತೇಶ


ಯಾದಗಿರಿ
೧೧ ಜೂನ್ ೨೦೨೫, ಬುಧವಾರ

ಅಣ್ಣಾ,

ಪರೀಕ್ಷೆ ಮುಂದೂಡಿದ್ದಾರೆ. ಹೊಸ ದಿನಾಂಕವನ್ನು ತಿಳಿಸಲಾಗುವುದಂತೆ. ಯಾವಾಗ ತಿಳಿಸಲಾಗುವುದು ಎಂಬುದನ್ನೂ ಮುಂದೆ ತಿಳಿಸಲಾಗುವುದು. ನೀನು ಪಟ್ಟಿ ಮಾಡಿದ ಆಯ್ಕೆಗಳಲ್ಲಿ ಇದು ಬಿಟ್ಟುಹೋಗಿತ್ತು, ಸೇರಿಸಿಕೋ: ಕಾಯುವುದು, ಅವಧಿ ನಮೂದಿಸಿಲ್ಲ, ಪ್ರವೇಶ ಪರೀಕ್ಷೆ ಬೇಕಿಲ್ಲ.

ಗೌಹರಬೇಗಂ ಅವರು ಕಪಾಟು ತೆಗೆದು ಫೋನುಗಳನ್ನು ಹಂಚಿದರು. ನನ್ನದನ್ನು ಕೈಗೆ ಕೊಡುವಾಗ ನನ್ನ ಮುಖ ನೋಡಲಿಲ್ಲ. ಆ ಗುರುವಾರಕ್ಕೆ ಎರಡು ದಿನ ಮೊದಲು ಹೇಳಿದ್ದರೆ ತಮ್ಮ ಫೋನನ್ನೇ ಕೊಡುತ್ತಿದ್ದೆ ಎಂದು ಮಸರತಳ ಹತ್ತಿರ ಅಂದರಂತೆ. ಈಗ ಬೇಕಾದಾಗ ನಿನ್ನ ಜೊತೆ ಮಾತಾಡಬಹುದು. ಫೋನ್ ಮಾಡುವುದಿಲ್ಲ, ನೀನೂ ಮಾಡಬೇಡ. ನಿನ್ನ ದನಿ ಕೇಳಿದರೆ ನಾನು ಏನಾದರೂ ಅನ್ನುತ್ತೇನೆ.

ಹಗುರವಾಯಿತು ಎಂಬ ಸಾಲನ್ನು ಎರಡು ಸಲ ಓದಿದೆ. ಬರೆದಿದ್ದೀಯಲ್ಲ, ಅಷ್ಟು ಸಾಕು.

ಅವ್ವನಿಗೆ ಮಾತ್ರ ತಿಳಿಯಬಾರದು. ಅವಳ ಕೈ ಸೋತುಬಿಡುತ್ತದೆ.

ಭಾಗ್ಯ


ಯಾದಗಿರಿ
೨೫ ಜೂನ್ ೨೦೨೫, ಬುಧವಾರ

ಅಣ್ಣಾ,

ಹೋದ ಶುಕ್ರವಾರದ ಡಬ್ಬಿಯ ತಳಕ್ಕೆ ಕಾಗದ ಇರಲಿಲ್ಲ, ನಿನ್ನೆಯದಕ್ಕೂ ಇಲ್ಲ. ಅವ್ವ ತನ್ನ ಹಳೆಯ ಇಳಕಲ್ ಸೀರೆಯನ್ನು ಹರಿದು, ಒಗೆದು, ನಾಲ್ಕು ಮಡಿಕೆ ಮಾಡಿ ಹಾಸಿದ್ದಾಳೆ. ಅಪ್ಪ ತಂದುಕೊಟ್ಟ ಆ ಹಸಿರು ಸೀರೆ.

ನೀನು ಹೇಳಿದೆಯಾ?

ಭಾಗ್ಯ


ಸುರಪುರ
೨೭ ಜೂನ್ ೨೦೨೫, ಶುಕ್ರವಾರ

ಭಾಗ್ಯಾ,

ಅಪ್ಪನ ಆಣೆ, ನಾನು ಹೇಳಿಲ್ಲ. ಅವಳೂ ಕೇಳಿಲ್ಲ. ಆ ಶನಿವಾರ ಒಲೆಯ ಮುಂದೆ ಆರಾಮ ಅದಾಳಂತ ಅಂದೆನಲ್ಲ, ಆಗ ನನ್ನ ಕೈಯಲ್ಲಿದ್ದ ಹಾಳೆಯನ್ನು ಅವಳು ನೋಡಿದ್ದಳು. ಎಣ್ಣೆಯ ಉಂಗುರ ಅವಳದೇ, ಗುರುತು ಹಿಡಿಯಲು ಅಕ್ಷರ ಬೇಕಿಲ್ಲ.

ಈಗ ನಮ್ಮ ಮನೆಯಲ್ಲಿ ರದ್ದಿ ಎಂಬುದೇ ಇಲ್ಲ. ಕರೆಂಟ್ ಬಿಲ್ಲು, ಮದುವೆಯ ಕಾರ್ಡು, ಗುಳಿಗೆಯ ಚೀಟಿ, ಹಣಮಂತಮ್ಮನ ಅಂಗಡಿಯಲ್ಲಿ ಬೆಲ್ಲ ಸುತ್ತಿಕೊಟ್ಟ ಪೇಪರು, ಎಲ್ಲವೂ ಬಾಬಾಸಾಹೇಬರ ಮತ್ತು ಅಪ್ಪನ ಫೋಟೋದ ಕೆಳಗೆ ಗೂಡಿಗೆ ಹೋಗುತ್ತವೆ. ನಾನು ಶಹಾಪುರದಿಂದ ಬಂದು ಕೈಕಾಲು ತೊಳೆದ ಮೇಲೆ ಒಂದೊಂದಾಗಿ ಮುಂದಿಡುತ್ತಾಳೆ. ಎರಡೂ ಬದಿ ಓದಬೇಕು. ಜೋರಾಗಿ ಓದಬೇಕು. ಒಂದು ಸಾಲು ಹಾರಿಸಿದರೂ ನನ್ನ ತುಟಿ ನೋಡಿಯೇ ಹಿಡಿಯುತ್ತಾಳೆ. ಇಷ್ಟು ಶ್ರದ್ಧೆಯ ವಿದ್ಯಾರ್ಥಿ ನನಗೆ ಯಾವ ತರಗತಿಯಲ್ಲೂ ಸಿಕ್ಕಿರಲಿಲ್ಲ.

ನಿನ್ನೆ ಬಟ್ಟೆ ತೊಳೆಯುವ ಪುಡಿಯ ಪಾಕೀಟನ್ನು ಕತ್ತರಿಸಿ, ಒರೆಸಿ, ಹರವಿ ತಂದಿಟ್ಟಳು. ತೂಕ, ತಯಾರಾದ ತಿಂಗಳು, ಕಣ್ಣಿಗೆ ಬಿದ್ದರೆ ತಣ್ಣೀರಿನಿಂದ ತೊಳೆಯಿರಿ ಎಂಬವರೆಗೆ ಓದಿದೆ. ಮುಗಿಯಿತು ಅಂದೆ. ಅವಳು ಪಾಕೀಟನ್ನು ತಿರುವಿಟ್ಟಳು. ಆ ಬದಿ ಬರೀ ಬಿಳಿ.

“ಭಾಗ್ಯಾಂದು ಏನರ ಐತೇನು ನೋಡು” ಅಂದಳು.

ನೋಡಿದೆ.

“ಇಲ್ಲವ್ವ” ಅಂದೆ.

ಪಾಕೀಟನ್ನು ಮಡಚಿ ಮತ್ತೆ ಗೂಡಿಗೇ ಇಟ್ಟಳು.

ನಿನ್ನ ಅಣ್ಣ,
ಕಾಂತೇಶ